ಹೊಗೆಗೆ ತಾಗಿದ ದೃಷ್ಟಿ

"ಸಾರ್, ಗಾಳಿ ಜಾಸ್ತಿ ಆದಷ್ಟೂ ಬಿಸಿ ಇಳೀಬೇಕು ತಾನೇ? ಮತ್ಯಾಕೆ ಏರ್ತಾ ಇದೆ?"

ಕೇಳಿದ್ದು ಪಾರ್ಶ್ವ. ಕೇಳಿದ ಅನ್ನೋದಕ್ಕಿಂತ ಬಾಗಿಲಿಂದಲೇ ಎಸೆದ ಅನ್ನಿ. ಪಾಲಿಟೆಕ್ನಿಕ್ಕಿನ ಲ್ಯಾಬಲ್ಲಿ ಸಿದ್ದಗಂಗಯ್ಯ ಮೇಷ್ಟ್ರು ಒಬ್ರೇ ಕೂತ್ಕೊಂಡು ಬಾಳೆಹಣ್ಣು ಸುಲೀತಿದ್ರು. ಇವನು ಕಂಪ್ಯೂಟರ್ ಕ್ಯಾಬಿನೆಟ್ಟನ್ನ ಕೂಸು ಎತ್ಕೊಂಡ ಹಾಗೆ ತಬ್ಬಿಕೊಂಡು ಬಂದ, ಮೇಜಿನ ಮೇಲಿಟ್ಟ, ನಮಸ್ಕಾರ ಅನ್ನೋದನ್ನೂ ಮರೆತು ಶುರು ಹಚ್ಕೊಂಡ.

"ನಾಳೆ ಸ್ಪರ್ಧೆ ಸಾರ್. ಪ್ರೊಸೆಸರ್ನ ಕಂಪನಿಯವರು ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸ್ಬೇಕು, ಒಂದು ಗಂಟೆ ಹೊತ್ತು ಎಲ್ಲೂ ನಿಲ್ಲಬಾರ್ದು, ನೀರು ಗೀರು ಹರಿಸಿ ತಣ್ಣಗೆ ಮಾಡೋ ಹಾಗಿಲ್ಲ, ಬರೀ ಗಾಳಿ. ವೇಗದಲ್ಲಿ ನನ್ನ ಮೀರಿಸೋರೇ ಇಲ್ಲ ಸಾರ್, ಆದ್ರೆ ಸ್ವಲ್ಪ ಹೊತ್ತಿಗೇ ತೊಂಬತ್ತೆಂಟು ಡಿಗ್ರಿ, ಟಪ್ ಅಂತ ಆಫ್. ಹಿಂದೊಂದು ಫ್ಯಾನ್ ಇತ್ತು, ಬಿಸಿ ಗಾಳಿ ಹೊರಗೆ ಎಸೆಯೋದು. ಮೇಲೆ ಇನ್ನೊಂದು ಹಾಕ್ದೆ, ಅದೂ ಹೊರಗೆ ಎಸೀತದೆ. ಸಾಲಲಿಲ್ಲ. ಮುಂದಿದ್ದ ಫ್ಯಾನನ್ನೂ ಬಿಚ್ಚಿ ತಗೊಂಡೋಗಿ ಮೇಲಕ್ಕೇ ಹಾಕ್ದೆ. ಈಗ ಮೊದಲಿಗಿಂತ ಬೇಗ ಆಫ್ ಆಗ್ತಿದೆ. ಇನ್ನೊಂದು ದೊಡ್ಡ ಫ್ಯಾನ್ ಇದ್ರೆ ಕೊಡಿ ಸಾರ್, ಪಕ್ಕದಲ್ಲಿ ತೂತು ಮಾಡಿ..."

"ಫರ್ಹಾನಾ ಎಲ್ಲಪ್ಪ? ನೀವಿಬ್ರೂ ಒಂದೇ ತಂಡ ಅಲ್ವೇ?"

"ಬೆಳಗ್ಗೆ ಮುನಿಸ್ಕೊಂಡು ಹೋದ್ಲು ಸಾರ್. ನಾಳೆ ನೀನೊಬ್ನೇ ಹೋಗು, ನಾನು ಬರಲ್ಲ ಅಂದ್ಲು. ಇಬ್ರು ಇಲ್ದೆ ಹೋದ್ರೆ ಒಳಗೇ ಬಿಡಲ್ಲ, ಗೊತ್ತಿದ್ದೂ ಹಾಗಂದ್ಲು. ನಾನೇನೂ ಬೈಲಿಲ್ಲ. ಅವಳೇನೋ ಹೇಳ್ತಾ ಇದ್ಲು, ನಾನು ಫ್ಯಾನಿನ ಲೆಕ್ಕಾಚಾರ ಹೇಳ್ತಾ ಇದ್ದೆ, ನೋಡ್ತೀನಿ ಎದ್ದೇ ಹೋಗಿದಾಳೆ. ಇದು ತಣ್ಣಗಾದ್ರೆ ಅವಳೂ ತಣ್ಣಗಾಗ್ತಾಳೆ, ಬಿಡಿ."

ಮೇಷ್ಟ್ರು ಕ್ಯಾಬಿನೆಟ್ಟನ್ನ ತಮ್ಮ ಕಡೆ ತಿರುಗಿಸ್ಕೊಂಡ್ರು. ಮುಂಭಾಗದಲ್ಲಿ ಗಾಳಿ ಬರೋಕೆ ಅಂತ ಜಾಲರಿ ಇರುತ್ತಲ್ಲ, ಅದರ ಮೇಲೆ ಉದ್ದಕ್ಕೂ ಅಗಲಕ್ಕೂ ಒಂದು ದೃಷ್ಟಿಗೊಂಬೆ ಸ್ಟಿಕ್ಕರ್. ಗುಡ್ಡೆ ಕಣ್ಣು, ಗಿರಿಜಾ ಮೀಸೆ, ಚಾಚಿದ ನಾಲಗೆ. ಲಾರಿ ಹಿಂದೆ ಅಂಟಿಸ್ತಾರಲ್ಲ, ಅದೇ.

"ಇವರು ಯಾರು, ನಿಮ್ಮ ಮಾವನೋರಾ?"

"ದೃಷ್ಟಿಗೆ ಸಾರ್. ಕ್ಲಾಸಲ್ಲಿ ಎಲ್ಲರ ಕಣ್ಣೂ ಇದರ ಮೇಲೇ."

"ಕೂತ್ಕೋ. ಒಂದು ಕತೆ ಹೇಳ್ತೀನಿ."

"ಟೈಮಿಲ್ಲ ಸಾರ್..."

"ಕೂತ್ರೆ ಒಂದು ಕತೆ. ನಿಂತ್ರೆ ಎರಡು."

ಪಾರ್ಶ್ವ ಕೂತ. ಮೇಷ್ಟ್ರು ಹೇಳಿದ್ರು.

ಒಬ್ಬ ಅಡುಗೆ ಭಟ್ಟ ಇದ್ದ. ಮದುವೆ ಅಡುಗೆಗೆ ಎತ್ತಿದ ಕೈ. ಅವನು ಹೋಳಿಗೆ ತಟ್ತಾನೆ ಅಂದ್ರೆ ದೂರದ ನೆಂಟರೂ ಹತ್ತಿರದೋರಾಗ್ತಿದ್ರು. ಅವನಿಗೆ ಯಾರ ಭಯವೂ ಇರಲಿಲ್ಲ, ದೃಷ್ಟಿ ಒಂದು ಬಿಟ್ಟು. ಹೂರಣದ ಮೇಲೆ ಹೊರಗಿನೋರ ಕಣ್ಣು ಬಿತ್ತೋ, ಹೋಳಿಗೆ ಹೆಂಚಿನ ಮೇಲೇ ಹರಿಯುತ್ತೆ ಅನ್ನೋನು. ಅದಕ್ಕೆ ಒಲೆ ಹಚ್ಚೋ ಮೊದಲು ಅಡುಗೆಮನೆ ಬಾಗಿಲಿಗೆ ಅಗಳಿ ಹಾಕೋನು. ಕಿಟಕಿ ಮುಚ್ಚೋನು. ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ತುರುಕೋನು.

ಒಂದ್ಸಲ ಹೊಸ ಛತ್ರದಲ್ಲಿ ಮದುವೆ. ಸೌದೆ ಒಲೆ, ಮೇಲೆ ಹೊಗೆ ಹೋಗೋಕೆ ಕೊಳವೆ. ಹಿಂದಿನ ದಿನ ಒಲೆ ಹಚ್ಚಿ ನೋಡ್ದ, ಹೊಗೆ ಸರಿಯಾಗಿ ಹೋಗಲಿಲ್ಲ. ಛತ್ರದ ಯಜಮಾನನಿಗೆ ಹೇಳ್ದ. ಯಜಮಾನ ಗೋಡೆಗೆ ಒಂದು ಫ್ಯಾನ್ ಹಾಕಿಸ್ದ, ಒಳಗಿನ ಗಾಳಿ ಎಳೆದು ಹೊರಗೆ ಹಾಕೋದು. ಭಟ್ಟ ಒಂದು ಸಾಲಲ್ಲ ಅಂದ. ಇನ್ನೊಂದೂ ಹಾಕಿಸ್ದ.

ಮದುವೆ ದಿನ ಭಟ್ಟ ಎಲ್ಲಾ ಮುಚ್ಚಿ ಎರಡೂ ಫ್ಯಾನ್ ಹಾಕ್ದ. ಗಿರ್ರ್ ಅಂತ ತಿರುಗಿದ್ವು. ಕೊಳವೇಲಿ ಮೇಲೆ ಹೋಗ್ತಿದ್ದ ಹೊಗೇನೂ ತಿರುಗಿ ಕೆಳಗೆ ಇಳಿದು ಬಂತು. ಒಲೆ ಮಂಕಾಯ್ತು, ಹೆಂಚು ಕಾಯಲಿಲ್ಲ, ಹೋಳಿಗೆ ಬೇಯೋ ಬದಲು ಬೆವರ್ತಾ ಮಲಗಿದ್ವು. ಹೊರಗೆ ತಾಳಿ ಕಟ್ಟಿ ಆಗಿತ್ತು, ಎಲೆ ಹಾಕ್ತಾ ಇದ್ರು. ಹಾಕಿದ ಎಲೆ ಮುಂದೆ ಜನಾನ ಸುಮ್ನೆ ಕೂರಿಸಿದ ಭಟ್ಟನ್ನ ಆಮೇಲೆ ಯಾರೂ ಕರೆಯಲ್ಲ. ಅವನು ಒಳಗಿಂದಲೇ ಕೆಮ್ತಾ ಕೂಗ್ದ, ಮೂರನೇ ಫ್ಯಾನ್ ತರ್ರಪ್ಪೋ ಅಂತ.

ಆಗ ಗಂಡಿನ ಅಜ್ಜಿ ಬಂದ್ಲು. ಮಾತ್ರೆ ನುಂಗೋಕೆ ಬಿಸಿನೀರು ಬೇಕಿತ್ತು. ಬಾಗಿಲು ಬಡಿದ್ಲು. ಈಗಲ್ಲ, ಆಮೇಲೆ ಬಾ ಅಂದ ಭಟ್ಟ. ಅಜ್ಜಿಗೆ ಕಿವಿ ಮಂದ. ಮತ್ತೆ ಬಡಿದ್ಲು. ಬಡೀತಾನೇ ಇದ್ಲು. ತಡೀಲಾರದೆ ಭಟ್ಟ ಅಗಳಿ ತೆಗೆದ. ತೆಗೆದಿದ್ದೇ ತಡ, ಬಾಗಿಲು ತಾನಾಗೇ ಒಳಕ್ಕೆ ಹಾರ್ತು. ಅದರ ಹಿಂದೇನೇ ಗಾಳಿ ನುಗ್ತು. ಅಷ್ಟೂ ಹೊಗೆ ಎದ್ದು ಫ್ಯಾನಿನ ಕಡೆ ಓಡ್ತು, ಒಲೆ ಧಗ್ ಅಂತು.

ಭಟ್ಟ ಕಣ್ಣು ಒರೆಸ್ಕೊಂಡು ಅಜ್ಜೀನೇ ನೋಡ್ದ. "ಎಂಥಾ ಕಣ್ಣಮ್ಮಾ ನಿಂದು. ಹೂರಣ ಉಳೀತು, ಹೊಗೆಗೆ ದೃಷ್ಟಿ ತಾಗ್ತು."

ಅಜ್ಜಿಗೆ ಕೇಳಿಸ್ಲಿಲ್ಲ. "ಅದೆಲ್ಲ ಬೇಡ, ಬಿಸಿನೀರು ಕೊಡೋ," ಅಂದ್ಲು.

ಮೇಷ್ಟ್ರು ಕತೆ ನಿಲ್ಲಿಸಿ ಬಾಳೆಹಣ್ಣು ಬಾಯಿಗಿಟ್ಕೊಂಡ್ರು. ಪಾರ್ಶ್ವ ನಗ್ತಾ ಇದ್ದೋನು ತಟ್ಟನೆ ನಿಲ್ಲಿಸ್ದ. ಕ್ಯಾಬಿನೆಟ್ ಕಡೆ ನೋಡ್ದ, ಗೊಂಬೆ ಕಡೆ ನೋಡ್ದ, ಅಯ್ಯೋ ಶಿವನೇ ಅಂತ ಜೈನರ ಹುಡುಗ ಶಿವನ್ನ ನೆನೆಸ್ಕೊಂಡು ಎದ್ದ. ಮೂಲೇಲಿ ಉಗುರು ಹಾಕಿ ಒಂದೇ ಎಳೆತಕ್ಕೆ ಮೀಸೆ ಸಮೇತ ಸ್ಟಿಕ್ಕರ್ ಕಿತ್ತ. ಮೇಲಿನ ಒಂದು ಫ್ಯಾನ್ ಬಿಚ್ಚಿ ಮುಂದಕ್ಕೆ ತಂದು, ಹೊರಗಿನ ಗಾಳೀನ ಒಳಗೆ ಎಳೆಯೋ ಹಾಗೆ ಕೂರಿಸ್ದ. ಸ್ಕ್ರೂ ಬಿಗೀತಾ ಇರೋವಾಗ್ಲೂ ಬಾಯಿ ಸುಮ್ನಿರಲಿಲ್ಲ ಬಿಡಿ. ಆನ್ ಮಾಡ್ದ, ಸ್ಪರ್ಧೆಗೆ ಇಟ್ಟಿದ್ದ ವೇಗಕ್ಕೇ ಏರಿಸ್ದ. ಪರದೆ ಮೇಲೆ ಅಂಕಿ ಐವತ್ತು ದಾಟ್ತು, ಅರವತ್ತು ದಾಟ್ತು, ಎಪ್ಪತ್ತೆರಡಕ್ಕೆ ಹೋಗಿ ನಿಂತ್ಕೊಂಡ್ತು. ಇಬ್ರೂ ನೋಡ್ತಾನೇ ಇದ್ರು. ದಿನಾ ಟಪ್ ಅನ್ನೋ ಹೊತ್ತು ಬಂತು, ಹೋಯ್ತು. ಗಂಟೆಯೂ ತುಂಬ್ತು. ಎಪ್ಪತ್ತೆರಡು ಕದಲಲಿಲ್ಲ.

"ಗೆದ್ವಿ ಸಾರ್. ನೋಡಿ, ನಾನು ಹೊರಗೆ ಹಾಕೋದೊಂದನ್ನೇ ಯೋಚನೆ ಮಾಡ್ತಿದ್ದೆ, ಒಳಗೆ ಬರೋದಕ್ಕೆ ದಾರೀನೇ ಬಿಟ್ಟಿರಲಿಲ್ಲ. ಎಷ್ಟು ಸುಲಭ ಅಲ್ವಾ? ಹೊರಗೆ ಹಾಕ್ಬೇಕು ಅಂದ್ರೆ ಒಳಗೂ ಬಿಟ್ಕೋಬೇಕು, ಅಷ್ಟೇ. ನಾಳೆ ಇದನ್ನ ಯಾರೂ ಮುಟ್ಟೋಕಾಗಲ್ಲ. ಈಗಲೇ ಫರ್ಹಾನಂಗೆ ಫೋನ್ ಮಾಡ್ತೀನಿ ಸಾರ್, ಮೊದಲಿಂದ ಕೊನೇವರೆಗೂ ಬಿಡಿಸಿ ಹೇಳ್ತೀನಿ, ಅವಳಿಗೆ ಬಾಯಿ ತೆಗೆಯೋಕೂ ಬಿಡಲ್ಲ, ಹೇಗೆ ಬರಲ್ಲ ಅಂತಾಳೋ ನೋಡೇ ಬಿಡೋಣ."

ನಂಬರ್ ಒತ್ತಿ ಫೋನು ಕಿವಿಗಿಟ್ಕೊಂಡ. ಮೇಷ್ಟ್ರು ಮೇಜಿನ ಮೇಲೆ ಒಣಗ್ತಿದ್ದ ಸಿಪ್ಪೆ ಎತ್ತಿ ಬುಟ್ಟಿಗೆ ಹಾಕಿ ಕೈ ಒರೆಸ್ಕೊಂಡ್ರು.

"ಅದಿರಲಿ ಪಾರ್ಶ್ವ, ಬೆಳಗ್ಗೆ ಅವಳು ಏನು ಹೇಳ್ತಾ ಇದ್ಲು?"

ಪಾರ್ಶ್ವ ಬಾಯಿ ತೆಗೆದ. ಫೋನು ರಿಂಗ್ ಆಗ್ತಾನೇ ಇತ್ತು.