ತೂಬಿನ ಕಾವಲು

ಶಿಷ್ಯ ಕೇಳಿದ: "ಗುರುಗಳೇ, ಮುಂದಾಳನ್ನು ಆರಿಸುವಾಗ ಅವನ ನಡತೆಯನ್ನೂ ನೋಡಬೇಕೇ? ಕೆಲಸ ಬಲ್ಲವನಾದರೆ ಸಾಲದೇ?"

"ಯಾರ ವಿಷಯ?" ಎಂದರು ಗುರು.

"ನಮ್ಮೂರಿನಲ್ಲಿ ಬರುವ ಸೋಮವಾರ ಯಜಮಾನನ ಆಯ್ಕೆ. ಒಬ್ಬನಿದ್ದಾನೆ. ಮಾತಿಗೆ ನಿಲ್ಲುವವನಲ್ಲ, ಮನೆಯವರನ್ನು ಅಳಿಸಿದವನು. ಆದರೆ ಹಿಡಿದ ಕೆಲಸ ಬಿಡುವವನಲ್ಲ. ನಮ್ಮ ಕೇರಿಗೆ ಬಾವಿ ತೋಡಿಸುತ್ತೇನೆ ಎಂದಿದ್ದಾನೆ. ಅವನ ಪರವಾಗಿ ನಾಲ್ಕು ಮಾತು ಆಡಲು ನನ್ನನ್ನು ಕರೆದಿದ್ದಾರೆ."

"ಆಡುವೆಯಂತೆ. ಹೊರಡುವ ಮುಂಚೆ ಇದೊಂದನ್ನು ಕೇಳಿಸಿಕೊ" ಎಂದು ಗುರು ಹೇಳತೊಡಗಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ಕೆರೆಯ ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡಲು ಒಬ್ಬ ನೀರಗಂಟಿ ಇರುತ್ತಿದ್ದ. ಹೊತ್ತು ಅಳೆಯಲು ಅವನ ಬಳಿ ಒಂದು ತಾಮ್ರದ ಬಟ್ಟಲಿತ್ತು. ಅದರ ಅಡಿಯಲ್ಲಿ ಸಣ್ಣ ತೂತು. ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ ಬಟ್ಟಲು ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಅದು ಮುಳುಗಿತೆಂದರೆ ಒಬ್ಬನ ಸರದಿ ಮುಗಿಯಿತು.

ನೀರಗಂಟಿ ತೀರಿಕೊಂಡ. ರೈತರೆಲ್ಲ ಸೇರಿ ಹೊಸಬನನ್ನು ಆರಿಸಬೇಕಾಯಿತು. ಊರಿನಲ್ಲಿ ಒಬ್ಬ ಚತುರನಿದ್ದ. ತೂಬಿನ ಸದ್ದು ಕೇಳಿಯೇ ಕೆರೆಯಲ್ಲಿ ಎಷ್ಟು ದಿನದ ನೀರಿದೆ ಎಂದು ಹೇಳಬಲ್ಲವನು. ಅವನೇ, ಅಣ್ಣ ಸತ್ತ ಮೇಲೆ ಗಡಿಯ ಬಾಂದುಕಲ್ಲನ್ನು ಕಿತ್ತು ಅತ್ತಿಗೆಯ ಗದ್ದೆಯೊಳಗೆ ನೆಟ್ಟು, ಅವಳನ್ನು ಕೂಲಿಗೆ ಇಳಿಸಿದವನು. ಇದು ಊರಿಗೆಲ್ಲ ಗೊತ್ತಿತ್ತು.

ಒಬ್ಬ ರೈತ ಎದ್ದು ನಿಂತು ಹೇಳಿದ: "ಅದು ಅವರ ಮನೆ ವಿಚಾರ. ನಮಗೆ ನೀರು ಬಂದ್ರೆ ಸಾಕು. ಅತ್ತಿಗೆ ಅತ್ರೆ ಕೆರೆ ಬತ್ತೋಯ್ತದಾ?"

ಎಲ್ಲರೂ ನಕ್ಕರು. ಚತುರ ನೀರಗಂಟಿಯಾದ.

ಮೊದಲ ಹದಿನೈದು ದಿನ ನೀರು ಚೆನ್ನಾಗಿಯೇ ಹರಿಯಿತು. ಆಮೇಲೆ ಚತುರ, ಕೋಳಿ ತಂದುಕೊಟ್ಟವನ ಸರದಿಯಲ್ಲಿ ಬಟ್ಟಲಿನ ತೂತಿಗೆ ಚೂರು ಮೇಣ ಮೆತ್ತತೊಡಗಿದ. ಬಟ್ಟಲು ಬೇಗ ಮುಳುಗಲಿಲ್ಲ. ಬರಿಗೈಯಲ್ಲಿ ಬಂದವನ ಸರದಿಯಲ್ಲಿ ಬಟ್ಟಲಿಗೆ ಒಂದು ಬೆಣಚುಕಲ್ಲು ಹಾಕಿದ. ಬಟ್ಟಲು, ಬಿಟ್ಟ ಕೈ ತೆಗೆಯುವಷ್ಟರಲ್ಲಿ ಮುಳುಗಿತು.

ಸಭೆಯಲ್ಲಿ ಎದ್ದು ನಿಂತಿದ್ದ ರೈತನ ಗದ್ದೆಯೇ ಮೊದಲು ಒಣಗಿತು. ಅವನಿಗೆ ಅನುಮಾನ ಬಂತು. ಬಟ್ಟಲನ್ನು ನೋಡಿಕೊಳ್ಳಲು ಹೆಂಡತಿಯನ್ನು ಕಳಿಸಿದ. ಪಕ್ಕದ ಗದ್ದೆಯವನಿಗೆ ಆ ಹೆಂಗಸಿನ ಮೇಲೆ ಅನುಮಾನ. ಅವನು ತನ್ನ ಅಪ್ಪನನ್ನು ಕೂರಿಸಿದ. ಮುದುಕನಿಗೆ ಕಣ್ಣು ಮಂಜು. ಮುದುಕ ಸರಿಯಾಗಿ ನೋಡುತ್ತಾನೋ ಇಲ್ಲವೋ ಎಂದು ನೋಡಲು ಸೊಸೆ ಬಂದಳು. ಹತ್ತು ದಿನ ಕಳೆಯುವಷ್ಟರಲ್ಲಿ ಊರಿಗೆ ಊರೇ ಕೆರೆಯ ಏರಿಯ ಮೇಲೆ ಕುಳಿತಿತ್ತು. ಕೆಲವರು ಅಲ್ಲೇ ಒಲೆ ಹೂಡಿದರು. ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಮುದ್ದೆ ಉಂಡರು.

ಮೋಸ ನಿಂತಿತು. ಬೇಸಾಯವೂ ನಿಂತಿತು. ನೀರು ಅಳತೆಗೆ ಸರಿಯಾಗಿ ಗದ್ದೆಗೆ ಹೋಗುತ್ತಿತ್ತು, ಗದ್ದೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿತ್ತು. ಇನ್ನು ಎಂಟು ದಿನ ಹೋದರೆ ನಾಟಿಯ ಹದ ತಪ್ಪುತ್ತದೆ, ಆ ವರ್ಷ ಅನ್ನವಿಲ್ಲ.

ಆಗ ನೀರಗಂಟಿಯ ಅತ್ತಿಗೆ ಏರಿಯ ಮೇಲೆ ಬಂದಳು. "ನಾಟಿ ಕೂಲಿ ಐತೇನೋ ಅಂತ ಬಂದೆ. ನೀವೆಲ್ಲ ಇಲ್ಲೇ ಕುಂತಿದ್ದೀರಲ್ಲಪ್ಪ" ಎಂದಳು.

ರೈತನಿಗೆ ನಾಚಿಕೆಯಾಯಿತು. ತಾನು ಅಂದು ಆಡಿದ ಮಾತು ಅವಳ ಕಿವಿಗೂ ಬಿದ್ದಿರುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ತಲೆ ಎತ್ತದೆ ಹೇಳಿದ: "ತಪ್ಪಾಯ್ತು ಕಣಮ್ಮ. ಈಗ ತೂಬನ್ನ ಯಾರ ಕೈಗೆ ಕೊಡಾನ, ನೀನೇ ಹೇಳು."

"ಕೂಸನ್ನ ಯಾರ ತಾವ ಬಿಟ್ಟು ಗದ್ದೆಗೆ ಹೋಗ್ತೀರೋ, ಅವರಿಗೆ ಕೊಡಿ" ಎಂದಳು ಅವಳು.

ಕೇಳಿದವರಿಗೆಲ್ಲ ಒಬ್ಬನೇ ನೆನಪಾದ. ಅವನೊಬ್ಬ ಕುರಿ ಕಾಯುವವನು. ಹಿಂದೊಮ್ಮೆ ಅವನ ಕುರಿಗಳು ಯಾರದೋ ರಾಗಿ ಪೈರು ಮೇಯ್ದಿದ್ದವು. ಯಾರೂ ನೋಡಿರಲಿಲ್ಲ. ಅವನೇ ಆ ಮನೆಗೆ ಹೋಗಿ ಹೇಳಿ, ಹತ್ತು ರಾತ್ರಿ ಆ ಹೊಲದಲ್ಲೇ ಕುರಿಮಂದೆಯನ್ನು ತರುಬಿ ನಿಲ್ಲಿಸಿ ಹಿಕ್ಕೆಯ ಗೊಬ್ಬರ ಕೊಟ್ಟಿದ್ದ.

ಚತುರನನ್ನು ಬಿಡಿಸಿ ತೂಬು ಕೊಡಹೋದರೆ ಕುರಿಗಾಹಿ ಒಪ್ಪಲಿಲ್ಲ. ತನಗೆ ತೂಬಿನ ಕೆಲಸ ಗೊತ್ತಿಲ್ಲ ಎಂದ. ಅದನ್ನು ಜೊತೆಗಿದ್ದು ಒಂದು ತಿಂಗಳಲ್ಲಿ ಕಲಿಸಬಹುದು ಎಂದು ಹಳಬರು ಇಬ್ಬರು ಮುಂದೆ ಬಂದರು. ಇಲ್ಲವೆನ್ನಲಾರದೆ ಅವನು ಒಪ್ಪಿಕೊಂಡ.

ಮೊದಲ ವಾರವೇ ಒಂದು ಗದ್ದೆಗೆ ನೀರು ಹೆಚ್ಚಾಗಿ ಬದು ಒಡೆಯಿತು. ಗದ್ದೆಯವನಿಗೆ ಗೊತ್ತಾಗುವ ಮೊದಲೇ ಕುರಿಗಾಹಿ ಅವನ ಮನೆ ಬಾಗಿಲಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಬಟ್ಟಲನ್ನೂ ಹಂಡೆಯನ್ನೂ ತೂಬಿನ ಪಕ್ಕದ ಕೋಣೆಯೊಳಗಿಂದ ತಂದು, ಹೋಗಿ ಬರುವವರಿಗೆಲ್ಲ ಕಾಣುವಂತೆ ದಾರಿಯ ಪಕ್ಕ ಇಟ್ಟ. ಕಾಯಲು ಕುಳಿತಿದ್ದವರು ಮೊದಮೊದಲು ಕದಲಲಿಲ್ಲ. ಎರಡು ದಿನ ನೋಡಿದರು. ಮೂರನೆಯ ದಿನ ಒಬ್ಬೊಬ್ಬರಾಗಿ ಎದ್ದು, ಸೊಂಟ ನೀವಿಕೊಂಡು ಗದ್ದೆಗೆ ಇಳಿದರು. ಸಸಿ ಕೊಂಚ ಬಲಿತಿತ್ತು. ಆದರೂ ಬೇರು ಹಿಡಿಯಿತು.

ಮಳೆಗಾಲದಲ್ಲಿ ಏರಿ ಒಂದು ಕಡೆ ಕುಸಿಯಿತು. ಆಗ ಆ ಚತುರನನ್ನೇ ಕರೆದರು. ಎಲ್ಲಿ ಕಲ್ಲು ಕಟ್ಟಬೇಕೆಂದು ಅವನು ತೋರಿಸಿದ. ಕೆಲಸ ಮೆಚ್ಚುವಂತಿತ್ತು. ಊಟ ಹಾಕಿದರು, ಕೂಲಿ ಕೊಟ್ಟರು, ತೂಬು ಕೊಡಲಿಲ್ಲ. ಕಲ್ಲು ಹೊರಲು ಬಂದಿದ್ದ ಆಳುಗಳು ಅದೇ ದಿನ ಅವನ ಕಣ್ಣೆದುರೇ ಬಾಂದುಕಲ್ಲನ್ನೂ ಕಿತ್ತು ಮೊದಲಿನ ಜಾಗಕ್ಕೆ ಹಾಕಿದರು. ಆ ಸುಗ್ಗಿಯಲ್ಲಿ ಅತ್ತಿಗೆ ತನ್ನ ಗದ್ದೆಯ ಭತ್ತವನ್ನು ತಾನೇ ಬಡಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವನು ಸ್ವಂತ ಅತ್ತಿಗೆಗೆ ಮೋಸ ಮಾಡಿದವನೆಂದು ಊರಿಗೆಲ್ಲ ಗೊತ್ತಿತ್ತು ಎಂದಿರಿ. ಗೊತ್ತಿದ್ದೂ ಮೊದಲು ಅವನನ್ನೇ ಏಕೆ ಆರಿಸಿದರು, ಗುರುಗಳೇ?"

"ಊರಿಗೆಲ್ಲ ಮೋಸ ಮಾಡಿದರೂ ನನಗೊಬ್ಬನಿಗೆ ಮಾಡಲಾರ ಎಂದು ಪ್ರತಿಯೊಬ್ಬನೂ ನಂಬಿದ್ದ" ಎಂದರು ಗುರು.