ಮಂಡಿಯೂರಿದ ಮೂರು ಮರಿಗಳು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹೊಂಗೇಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜನ ಕುದುರೆ ಲಾಯಕ್ಕೆ ಜಟ್ಟಪ್ಪ ಅನ್ನೋನು ಯಜಮಾನ. ದಿನಾ ಹುಲ್ಲು ಹೊತ್ತು ತರೋಳು ಹೊನ್ನವ್ವ. ಲಾಯದಲ್ಲಿ ತಾಯಿ ಇಲ್ಲದ ಮೂರು ಕುದುರೆಮರಿಗಳಿದ್ದವು. ಬೆಳ್ಳಕ್ಕಿ ಅನ್ನೋ ಮುದಿ ಕುದುರೆಯೇ ಅವಕ್ಕೆ ತಾಯಿ. ಅದು ಮೇಯ್ದ ಹುಲ್ಲನ್ನೇ ಅವು ಮೇಯುತ್ತಿದ್ದವು. ಅದು ಇಳಿದ ಕಡೆಯೇ ಹೊಳೆಗೆ ಇಳಿಯುತ್ತಿದ್ದವು.

ಮರಿಗಳು ಬೆಳೆದವು. ಪಳಗಿಸೋ ಕಾಲ ಬಂತು.

"ಇವಕ್ಕೆ ಹೊಡೆದರೆ ಮೈಮೇಲೆ ಬಾಸುಂಡೆ ಬರುತ್ತೆ, ದೊರೆ ಕೇಳ್ತಾರೆ. ಈ ಮುದಿ ಬೆಳ್ಳಕ್ಕಿಗೆ ಹೊಡೀತೀನಿ, ಇವು ನೋಡಿ ಹೆದರಲಿ" ಅಂದ ಜಟ್ಟಪ್ಪ.

"ಬೇಡಿ ಯಜಮಾನ್ರೇ, ಮರಿಗಳು ನೋಡ್ತಾ ನಿಂತಿವೆ" ಅಂದಳು ಹೊನ್ನವ್ವ.

"ನೋಡಲಿ ಅಂತಲೇ ಅಲ್ವೇನೇ ಹೊಡೆಯೋದು?"

ಮೊದಲನೇ ದಿನ ಚಾವಟಿ ಬಿದ್ದಾಗ ಬೆಳ್ಳಕ್ಕಿ ಮಂಡಿಯೂರಿತು. ಎರಡನೇ ದಿನ ಚಾವಟಿ ಮೇಲೆದ್ದಾಗಲೇ ಮಂಡಿಯೂರಿತು. ಮೂರನೇ ದಿನ ಮಂಡಿಯೂರಿದ್ದು ಮತ್ತೆ ಏಳಲಿಲ್ಲ. ಮರಿಗಳು ಹೊತ್ತು ಮುಳುಗೋವರೆಗೂ ಅದನ್ನು ಮೂಸುತ್ತಾ ನಿಂತಿದ್ದವು. "ಹೊಟ್ಟೆಶೂಲೆ ಬಂದು ಸತ್ತಿತು" ಅಂತ ಜಟ್ಟಪ್ಪ ಅರಮನೆಗೆ ಹೇಳಿಕಳಿಸಿದ.

ಮಳೆಗಾಲ ಕಳೀತು. ಹೊಸ ಕುದುರೆಗಳನ್ನು ನೋಡೋಕೆ ರಾಜ ಬಂದ. ಒಂದನ್ನು ಹತ್ತಿ ಕೂತ. ಜಟ್ಟಪ್ಪ ಜಂಬದಿಂದ ಚಾವಟಿ ಎತ್ತಿದ. ಮೂರೂ ಒಟ್ಟಿಗೇ ಮಂಡಿಯೂರಿದವು. ರಾಜ ಮಣ್ಣಿಗೆ ಬಿದ್ದ.

"ಇವಳ ಹುಲ್ಲಿನದೇ ದೋಷ ಮಹಾಸ್ವಾಮಿ! ಇವಳನ್ನ ಓಡಿಸಿ!" ಅಂತ ಜಟ್ಟಪ್ಪ ಹೊನ್ನವ್ವನತ್ತ ಕೈತೋರಿಸಿ ಕೂಗಿದ.

ಹೊನ್ನವ್ವ ಕೈಮುಗಿದಳು. "ಬುದ್ಧೀ, ಆಚೆ ಲಾಯದ ಕುದುರೆಗಳೂ ನನ್ನ ಹುಲ್ಲೇ ತಿನ್ನೋದು. ಅವುಗಳ ಮುಂದೂ ಚಾವಟಿ ಎತ್ತಿಸಿ ನೋಡಿ."

ಎತ್ತಿಸಿದರು. ಆ ಕುದುರೆಗಳು ಕಿವಿ ನಿಮಿರಿಸಿದವು, ಅಷ್ಟೇ.

"ಹಾಗಾದರೆ ಚಾವಟಿ ಕಂಡರೆ ಮಂಡಿಯೂರೋದನ್ನ ಇವು ಯಾರನ್ನ ನೋಡಿ ಕಲಿತವು?" ರಾಜ ಕೇಳಿದ.

"ಬೆಳ್ಳಕ್ಕಿಯನ್ನ, ಬುದ್ಧೀ. ಇವುಗಳ ಕಣ್ಣೆದುರೇ ಯಜಮಾನ್ರು ಅದಕ್ಕೆ ಮೂರು ದಿನ ಹೊಡೆದರು. ಶೂಲೆಯೂ ಇಲ್ಲ, ಏನೂ ಇಲ್ಲ. ಹೊಡೆದೇ ಕೊಂದರು."

ರಾಜ ಜಟ್ಟಪ್ಪನ ಕೈಯಿಂದ ಚಾವಟಿ ಕಿತ್ತುಕೊಂಡು, ಅವತ್ತೇ ಅವನನ್ನು ಗಡಿ ದಾಟಿಸಿದ.

ಆದರೆ ಸತ್ತ ಬೆಳ್ಳಕ್ಕಿ ಬರುತ್ತದೆಯೇ? ಎಲ್ಲರೂ ಹೋದಮೇಲೆ, ಸಣ್ಣ ಮರಿಯ ಹಣೆ ಸವರೋಣ ಅಂತ ಹೊನ್ನವ್ವ ಬರಿಗೈ ಎತ್ತಿದಳು. ಅದು ಮಂಡಿಯೂರಿತು. ಅವಳು ಅದರ ಪಕ್ಕದಲ್ಲೇ ನೆಲಕ್ಕೆ ಕೂತು ಅತ್ತಳು.

ಎಳೆಯವು ನೋಡಿದ್ದನ್ನು ಕಲಿಯುತ್ತವೆ ಮಕ್ಕಳೇ, ಕಲಿತದ್ದನ್ನು ಬೇಗ ಮರೆಯೋದಿಲ್ಲ. ಅವುಗಳ ಕಣ್ಣೆದುರು ಕೇಡು ಮಾಡಬೇಡಿ.