ಒಂದೇ ಗುಡ್ಡದ ಎರಡು ಬಾಟಲಿ

ವೈನ್ ಅಂಗಡಿಯ ಮೇಲಿನ ಹಲಗೆಯಲ್ಲಿ ಕ್ಯಾಬರ್ನೆ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿದ ವೈನಿನ ಬಾಟಲಿ ಮರದ ಪೆಟ್ಟಿಗೆಯೊಳಗೆ ಕೂತಿತ್ತು. ಅದರ ಬೆಲೆ ನಾಲ್ಕು ಸಾವಿರ. ಕೆಳಗಿನ ಹಲಗೆಯಲ್ಲಿದ್ದದ್ದು ಆರುನೂರರ ಬ್ಲೆಂಡ್, ಮೂರು ದ್ರಾಕ್ಷಿಗಳ ರಸ ಕೂಡಿಸಿ ಮಾಡಿದ ಕೆಂಪು ವೈನ್. ಬೆರಕೆಯವರ ಜತೆ ಮಾತಾಡುವುದು ತನ್ನ ಘನತೆಗೆ ತಕ್ಕದ್ದಲ್ಲವೆಂದು ಕ್ಯಾಬರ್ನೆ ಎಂದೂ ಕೆಳಗೆ ನೋಡಿರಲಿಲ್ಲ.

ಒಂದು ದಿನ ಸ್ಟೆಲ್ಲಾ ಬಾಯಿ ಮಗಳ ಮದುವೆಗೆ ನಲವತ್ತು ಬಾಟಲಿ ಬೇಕೆಂದು ಬಂದರು. ಅಂಗಡಿಯ ಮೋನಪ್ಪ ಎರಡನ್ನೂ ತೆರೆದು, ಹೆಸರು ಹೇಳದೆ ಎರಡು ಲೋಟಕ್ಕೆ ಸುರಿದ.

ಮೊದಲನೆಯದನ್ನು ಕುಡಿದು ಸ್ಟೆಲ್ಲಾ ಬಾಯಿ ಮುಖ ಕಿವುಚಿದರು. "ಒಗರು, ನಾಲಿಗೆ ಹಿಡಿಯುತ್ತದೆ." ಎರಡನೆಯದನ್ನು ಕಣ್ಣು ಮುಚ್ಚಿ ಸವಿದರು. ಇನ್ನೊಂದು ಗುಟುಕು ಕುಡಿದು, "ಮೋನಪ್ಪಣ್ಣ, ಇದೇ ಕೊಡಿ" ಎಂದರು.

"ಬಾಯಮ್ಮ, ಇದು ಆರುನೂರರದ್ದು."

"ಇರಲಿ. ನನ್ನ ಮಗಳಿಗೆ ಇದೇ ಬೇಕು."

ಕ್ಯಾಬರ್ನೆ ಬೆರಗಾಯಿತು. ಮೊದಲ ಬಾರಿಗೆ ಬ್ಲೆಂಡಿನತ್ತ ತಿರುಗಿ, "ತಾವು ಯಾರು?" ಎಂದು ಕೇಳಿತು.

"ನನ್ನಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆ" ಎಂದಿತು ಬ್ಲೆಂಡ್. "ತಮ್ಮದೇ ಗುಡ್ಡದ್ದು, ತಮ್ಮದೇ ಬಳ್ಳಿಸಾಲಿನದು. ನಾನೂ ಹೀಗೇ ಒಗರಾಗಿದ್ದೆ. ಮೆರ್ಲೋ ದ್ರಾಕ್ಷಿ ಬಂದು ಒಗರು ತಗ್ಗಿಸಿತು, ಶಿರಾಜ್ ದ್ರಾಕ್ಷಿ ಬಂದು ಪರಿಮಳ ತುಂಬಿತು. ನಾನು ಅವರಿಗೆ ಜಾಗ ಕೊಟ್ಟೆ, ಅಷ್ಟೇ."

ಕ್ಯಾಬರ್ನೆ ಬ್ಲೆಂಡ್ ಸುರಿದಿದ್ದ ಲೋಟದ ಕೆಂಪನ್ನು ನೋಡಿತು.

"ನಾನು ಇಷ್ಟು ಚೆನ್ನಾಗಿರಬಲ್ಲೆನೆಂದು ನನಗೆ ತಿಳಿದೇ ಇರಲಿಲ್ಲ" ಎಂದು ಮೆಲ್ಲಗೆ ಹೇಳಿತು.